ಚಿಕ್ಕಪ್ಪನ ರೆಡಿ ಮನಿ

ನಮ್ಮ ಚಿಕ್ಕಪ್ಪನನ್ನು ಯಾರೂ ಅಪ್ಪಿಕೊಳ್ಳಬಾರದು, ಪಿನ್ನು ಚುಚ್ಚುತ್ತದೆ! ಅಂಗಿಯ ಒಳಜೇಬಿನಲ್ಲಿ ಅಂಟಿಸಿದ ಲಕೋಟೆ, ಅದಕ್ಕೆ ಸೇಫ್ಟಿ ಪಿನ್ನಿನ ಕಾವಲು. ಗಲ್ಫಿನ ಅರ್ದಿಯಾದ ಗೋದಾಮಿನಲ್ಲಿ ಆಯುಷ್ಯ ಸವೆಸಿದ ಇವರಿಗೆ ಬ್ಯಾಂಕು ಕಂಡರಾಗದು, ಕಾರ್ಡು ಕಂಡರೆ ಮೈಯುರಿ. ಮನಸೋತದ್ದು ಹಳೆಯ ಡಿಕ್ಷನರಿಯಲ್ಲಿ ಸಿಕ್ಕಿದ ‘ರೆಡಿ ಮನಿ’ ಎಂಬ ಮಾತಿಗೆ ಮಾತ್ರ.

ಹೋಟೆಲಿನಲ್ಲಿ ನಾನು ಫೋನು ತೋರಿಸಿ ಚಹಾದ ದುಡ್ಡು ಕೊಟ್ಟರೆ ಪಾಠ ಶುರು.

“ಮೊದಲು ರೆಡಿ ಮನಿ ಅಂದರೆ ಕೈಗೆ ಎಣಿಸಿ ಕೊಡುವ ನಾಣ್ಯ. ಆಮೇಲೆ ಇಂಗ್ಲಿಷ್ ಅಂಗಡಿಯವರು ಬೋರ್ಡು ಹಾಕಿದರು, ರೆಡಿ ಮನಿ ಮಾತ್ರ, ಸಾಲ ಇಲ್ಲ ಅಂತ. ಪೋಲಿಗಳು ಬರೇ ‘ರೆಡಿ’ ಅಂದರೂ ದುಡ್ಡೇ. ನಿನ್ನ ಫೋನು ಇದರಲ್ಲಿ ಯಾವುದು ಮಾರಾಯ?”

“ಚಹಾ ತಣಿಯಿತು ಚಿಕ್ಕಪ್ಪ.”

ಕುಡಿದದ್ದು ಮಾತ್ರ ನನ್ನ ಫೋನಿನ ಚಹಾವನ್ನೇ. ಲಕೋಟೆ ಮುಟ್ಟುವಂತಿಲ್ಲವಲ್ಲ! ಉರಿಬಿಸಿಲಿನಲ್ಲಿ ನಡೆದು ಬಂದಾರು, ಟ್ಯಾಕ್ಸಿಗೆಂದು ಪಿನ್ನು ಬಿಚ್ಚರು. ಅದು ಚಿಕ್ಕಮ್ಮನಿಗೆ ಬಳೆ ಕೊಳ್ಳಲು ಕೂಡಿಟ್ಟ ದುಡ್ಡು. ಇವರ ವೀಸಾಕ್ಕೆಂದು ಆಕೆ ಎರಡು ಚಿನ್ನದ ಬಳೆ ಬಿಚ್ಚಿ ಕೊಟ್ಟಿದ್ದರು. ಈಗಲೇ ಕೊಂಡು ಕಳಿಸಿ ಎಂದರೆ, “ಊರಿಗೆ ಹೋದಾಗ ನಾನೇ ಅವಳ ಕೈಗೆ ಹಾಕಬೇಕು” ಎನ್ನುವರು. ಈ ಮನುಷ್ಯನೊಂದಿಗೆ ಏಗುವುದು ಹೇಗೆ?

ಕಳೆದ ವಾರ ಚಿಕ್ಕಪ್ಪನ ಕೆಲಸ ಖಲಾಸ್ ಆಯಿತು, ಊರಿಗೆ ಹೊರಡುವುದೊಂದೇ ಬಾಕಿ. ಇಬ್ಬರೂ ಚಿನ್ನದಂಗಡಿಗೆ ಹೋದೆವು. ಚಿಕ್ಕಪ್ಪ ಗತ್ತಿನಿಂದ ಪಿನ್ನು ಬಿಚ್ಚಿ, ಲಕೋಟೆ ಹರಿದು, ನೋಟುಗಳನ್ನು ಗಾಜಿನ ಮೇಲೆ ಹರಡಿದರು. ಅಂಗಡಿಯಾತ ಒಂದನ್ನೂ ಮುಟ್ಟಲಿಲ್ಲ.

“ಭಾಯಿ, ಇವು ಹಳೇ ನೋಟು. ಬ್ಯಾಂಕಲ್ಲಿ ಬದಲಿಸುವ ಗಡುವೂ ಮುಗಿದಿದೆ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. “ನೋಟು ಬದಲಾದದ್ದು ನಿಮಗೆ ಗೊತ್ತಿರಲಿಲ್ಲವಾ?”

“ಗೊತ್ತುಂಟು. ಅದು ಖರ್ಚು ಮಾಡುವ ದುಡ್ಡಿಗೆ ಅಂತ ಎಣಿಸಿದ್ದೆ. ಇದು ಇಟ್ಟ ದುಡ್ಡಲ್ಲವಾ.”

ಬೈಯಲು ಬಾಯಿ ತೆರೆದವನು ಅವರ ಮುಖ ನೋಡಿ ನೋಟುಗಳನ್ನು ಒಟ್ಟುಮಾಡಿ ಕೊಟ್ಟೆ. ಇಡೀ ಜೀವಮಾನ ಎದೆಗೆ ಕಟ್ಟಿಕೊಂಡದ್ದು ಬರೀ ಕಾಗದ.

ರೂಮಿಗೆ ಬಂದು ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ನೋಟಿನ ಕತೆ ಹೇಳಿದರು. ಚಿಕ್ಕಮ್ಮ ಬೋಳು ಕೈಯನ್ನು ಫೋನಿನ ಹತ್ತಿರ ತಂದರು.

“ಇಲ್ಲಿ ನೋಡಿ, ಬೆರಳಿನ ಗಂಟೆಲ್ಲ ಊದಿದೆ. ಇನ್ನು ಬಳೆ ಎಲ್ಲಿಗೆ ಏರುವುದು ಮಾರಾಯ್ರೆ? ಕೈ ಹಿಡಿದುಕೊಳ್ಳಲಿಕ್ಕೆ ಜನ ಬೇಕು. ನೀವು ಬನ್ನಿ.”

ಚಿಕ್ಕಪ್ಪ ಕಣ್ಣೊರೆಸಿಕೊಂಡರು. ಆ ಸತ್ತ ನೋಟುಗಳನ್ನು ಮಡಚಿ ಅದೇ ಜೇಬಿಗೆ ಹಾಕಿದರು. ಪಿನ್ನು ಮಾತ್ರ ಮೇಜಿನ ಮೇಲೆಯೇ ಉಳಿಯಿತು.

“ಕಂಪನಿ ಟಿಕೆಟಿಗೆ ಕಾಯುವುದು ಬೇಡ. ನಾಳೆಯದ್ದೇ ಮಾಡು,” ಎಂದರು. “ನಿನ್ನ ಕಾರ್ಡಿನಲ್ಲಾದರೂ ಅಡ್ಡಿ ಇಲ್ಲ.”