ಹಿಕ್ಕೆ ಸರ್ಕಾರದ ಭಕ್ತರು

ನಮ್ಮ ಮನೆಯವರಿಗೆ ಜಗತ್ತಿನ ಯಾವ ಸರ್ಕಾರದ ಮೇಲೂ ಗೌರವವಿರಲಿಲ್ಲ, ಒಂದನ್ನು ಬಿಟ್ಟು. ಅದು ಹಕ್ಕಿಗಳ ಹಿಕ್ಕೆ ನಂಬಿಕೊಂಡು ಬದುಕುವ ಸರ್ಕಾರ!

ನಗಬೇಡಿ. ಒಂದು ಸಂಜೆ ಬಾಂದ್ರಾದ ನಮ್ಮ ಚಾಳಿನ ಕೆಳಗೇ ಇದ್ದ ಉಡುಪಿ ಹೋಟೆಲಿನಿಂದ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದರು. ಆ ಕಾಗದದಲ್ಲಿ ಸುದ್ದಿ ಇತ್ತು. ಸಮುದ್ರದ ನಡುವೆ ಎಲ್ಲೋ ಒಂದು ದ್ವೀಪವಂತೆ. ಅಲ್ಲಿ ಹಕ್ಕಿಗಳ ಹಿಕ್ಕೆ ಕಾಲಾಂತರದಲ್ಲಿ ಕಲ್ಲಾಗಿ, ಆ ಕಲ್ಲು ಗೊಬ್ಬರಕ್ಕೆಂದು ಮಾರಾಟವಾಗುತ್ತದಂತೆ. ಕಲ್ಲು ಮುಗಿದ ಮೇಲೆ ಜನ ಏನು ತಿನ್ನಬೇಕು? ಅದಕ್ಕೇ ಸರ್ಕಾರ ಬಂದ ಹಣದಲ್ಲಿ ಒಂದು ಪಾಲು ತೆಗೆದು ಬೇರೆ ಕಡೆ ಹೂಡುತ್ತದಂತೆ. ಬಜ್ಜಿ ಆರಿತು. ಇವರು ಮಾತ್ರ ಆರಲಿಲ್ಲ!

ಅಂದಿನಿಂದ ಕೆಲಸ ಮುಗಿಸಿ ಬಂದವರು ಮೂರನೇ ಮಹಡಿಯ ಮನೆಗೆ ನೇರ ಬರುತ್ತಲೇ ಇರಲಿಲ್ಲ. ಎರಡನೇ ಮಹಡಿಯಲ್ಲಿ ಕಟಾಂಜನ ಹಿಡಿದು ನಿಂತು, ಸಿಕ್ಕವರಿಗೆಲ್ಲ ಭಾಷಣ.

"ಕೋಲಾರದ ಚಿನ್ನ ಮುಗದ ಮ್ಯಾಲೆ ಏನ್ ಮಾಡಾವ್ರು? ಹೇಳ್ರೀ!"

ಒಮ್ಮೆ ಸಿಕ್ಕಿಬಿದ್ದವರು ಹೋಟೆಲಿನ ಯಜಮಾನರು. "ಮಾರಾಯ್ರೆ, ಕೆಳಗೆ ನನ್ನ ಇಡ್ಲಿ ಹಿಟ್ಟು ಮುಗಿದುಂಟು. ಮೊದಲು ಅದಕ್ಕೊಂದು ದಾರಿ ಹೇಳಿ!"

ಚಿನ್ನದ ವಿಚಾರ ಇವರು ಸರ್ಕಾರಕ್ಕೇ ಕಾರ್ಡು ಬರೆದರು. ಉತ್ತರವೂ ಬಂತು! "ನಿಮ್ಮ ಸಲಹೆ ತಲುಪಿದೆ." ಮೂರೇ ಮಾತು. ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದರು.

ಆಮೇಲೆ ಧಾರವಾಡದಿಂದ ನನ್ನ ಅವ್ವ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದಳು. "ಇದೂ ಗಣಿನ. ಅವ್ವಗ ವಯಸ್ಸಾತು" ಎಂದು ಅರ್ಧ ತೆಗೆದು ಡಬ್ಬಿಗೆ ಹಾಕಿ, ಟ್ರಂಕಿನಲ್ಲಿಟ್ಟು ಬೀಗ ಜಡಿದರು. ಮಳೆಗಾಲ ಮುಗಿದ ಮೇಲೆ ತೆರೆದರೆ ಹುಳ!

"ನೋಡ್ರೀ, ನಿಮ್ಮ ಬಡ್ಡಿ ಹರದಾಡಾಕತ್ತೈತಿ!" ಎಂದೆ.

ನಾಚಿಕೊಂಡರೆಂದಿರಾ? "ತಪ್ಪು ನಂದು. ಬರೇ ಉಳಿಸಿದ್ರ ಸಾಲೂದಿಲ್ಲ, ಬೆಳೆಯೂ ಜಾಗಾದಾಗ ಹಾಕಬೇಕು."

ಮರುತಿಂಗಳೇ ಸಂಬಳದಲ್ಲಿ ಪಾಲು ತೆಗೆದು ನನ್ನನ್ನು ಹೊಲಿಗೆ ಕ್ಲಾಸಿಗೆ ಸೇರಿಸಿದರು. ಹಳೆಯದೊಂದು ಮಷಿನ್ನೂ ಬಂತು.

"ಇದೆಲ್ಲ ಯಾಕ್ರೀ? ಇಲ್ಲಿ ಗಣಿ ಎಲ್ಲೈತಿ?"

ಅವರು ತಮ್ಮ ಎದೆ ಮುಟ್ಟಿ ತೋರಿಸಿದರು.

"ಅಯ್ಯ, ಅಲ್ಲೂ ಹಿಕ್ಕೀನ ಏನ್ರೀ?" ಎಂದು ನಕ್ಕೆ. ಅವರೂ ನಕ್ಕರು. ನಕ್ಕು ನಕ್ಕು ಕೆಮ್ಮಿದರು.

ಎರಡನೇ ಮಹಡಿಯಲ್ಲಿ ಅವರು ನಿಲ್ಲುತ್ತಿದ್ದದ್ದು ಭಾಷಣಕ್ಕಲ್ಲ, ಉಸಿರಿಗೆ. ಡಾಕ್ಟರು ಅದನ್ನು ನನಗೆ ಹೇಳುವ ಹೊತ್ತಿಗೆ ತಡವಾಗಿತ್ತು. ಅವರಿಗೆ ಮೊದಲೇ ಹೇಳಿದ್ದರಂತೆ.

ಈಗ ಚಾಳಿನ ಹುಡುಗಿಯರ ಲಂಗವೆಲ್ಲ ನನ್ನ ಕೈಯಲ್ಲೇ ಹೊಲಿಗೆ. ಮನೆಯ ಬಾಡಿಗೆ ತಪ್ಪಿಲ್ಲ. ದಾರ ಪೋಣಿಸಲು ಸೂಜಿಯನ್ನು ಬೆಳಕಿಗೆ ಹಿಡಿದಾಗ ಗೋಡೆಯ ಮೇಲಿನ ಆ ಮೂರು ಮಾತು ಕಣ್ಣಿಗೆ ಬೀಳುತ್ತವೆ. ಸರ್ಕಾರ ಕೊಟ್ಟ ಉತ್ತರವನ್ನೇ ನಾನೂ ಅವರಿಗೆ ಕೊಡುತ್ತೇನೆ, ನಮ್ಮ ಮಾತಿನಲ್ಲಿ.

ಮುಟ್ಟೈತ್ರೀ.