ಆಲ್ಡರ್‌ಶಾ ತಂಡದ ‘ಒಬ್ಬಾತ’

ಆ ಶನಿವಾರ ಬೆಳಿಗ್ಗೆ ಆಲ್ಡರ್‌ಶಾ ಊರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಗಿರಣಿಯ ಚಿಮಣಿಗಳು ಬುಡವನ್ನಷ್ಟೇ ನಮಗೆ ಬಿಟ್ಟು ತಲೆಯನ್ನು ದೇವರಿಗೆ ಒಪ್ಪಿಸಿದ್ದವು. ಮೇಲೆ ಜಿನುಗು ಮಳೆ. ಹನ್ನೊಂದರ ರೈಲು ಒಂದೂವರೆಗೆ ಬಂದು, ಮುದುಕನಂತೆ ಕೆಮ್ಮಿ ನಿಂತಿತು. ಅದರಿಂದಿಳಿದ ಎಮ್ರಿಸ್ ಪ್ರಾಬರ್ಟ್, ವೇಲ್ಸಿನ ಪಾಂಟ್‌ಗ್ವಿನ್ ಹಳ್ಳಿಯವನು. ಇಪ್ಪತ್ತಮೂರರ ಪ್ರಾಯ, ಬಾಗಿಲು ತುಂಬುವ ಮೈ, ಕಲ್ಲಿದ್ದಲ ಗಣಿಯಲ್ಲಿ ಕೆಲಸ. ಚೀಲದಲ್ಲಿ ಆಟದ ಬೂಟು, ಜೇಬಿನಲ್ಲಿ ಆಲ್ಡರ್‌ಶಾ ರಗ್ಬಿ ತಂಡದ ಕಾಗದ. ಇವತ್ತು ನಮ್ಮ ಪರ ಆಡಿ ತೋರಿಸು, ಮೆಚ್ಚಿದರೆ ಸಂಜೆಯೇ ಕರಾರು, ನಿಲ್ದಾಣಕ್ಕೆ ನಮ್ಮವರು ಬರುತ್ತಾರೆ, ಅಲ್ಲಿಯವರೆಗೆ ಯಾರಿಗೂ ಹೆಸರು ಹೇಳಬೇಡ ಎಂದು ಅದರಲ್ಲಿ ಬರೆದಿತ್ತು.

ಹೆಸರು ಮುಚ್ಚಿಡಲು ಕಾರಣವಿತ್ತು. ರಗ್ಬಿಯಲ್ಲಿ ಆಗ ಎರಡು ಮತ. ಹದಿನೈದು ಜನ ಕೂಡಿ ಪುಕ್ಕಟೆ ಆಡುವುದು ಒಂದು; ನಮ್ಮ ಉತ್ತರದ ಗಿರಣಿ ಊರುಗಳಲ್ಲಿ ಹದಿಮೂರು ಜನ ಕೂಡಿ ಸಂಬಳಕ್ಕೆ ಆಡುವುದು ಇನ್ನೊಂದು. ಹದಿನೈದರವನು ಹದಿಮೂರರ ಮೈದಾನದ ಹತ್ತಿರ ಸುಳಿದರೂ ಸಾಕು, ಜೀವಮಾನದ ಬಹಿಷ್ಕಾರ. ಅದಕ್ಕೇ ಪರೀಕ್ಷೆಗೆ ಬಂದವನ ಹೆಸರನ್ನು ಪಟ್ಟಿಯಲ್ಲಿ ಬರೆಯದೆ ‘ಒಬ್ಬಾತ’ ಎಂದು ಬಿಡುತ್ತಿದ್ದರು.

ಎಮ್ರಿಸ್‌ಗೆ ಈ ಕರಾರು ಬೇಕೇ ಬೇಕಿತ್ತು. ಅವನು ಮೆಚ್ಚಿದ ನೆಸ್ಟಾಳ ಇಬ್ಬರು ಅಣ್ಣಂದಿರು ಗಣಿಯ ಚಾವಣಿ ಕುಸಿದು ಸತ್ತಿದ್ದರು. ಮಣ್ಣಿನ ಕೆಳಗಲ್ಲ, ಮೇಲೆ ದುಡಿಯುವವನಿಗೆ ಮಾತ್ರ ಮಗಳನ್ನು ಕೊಡುತ್ತೇನೆ ಎಂದು ಅವಳ ಅಪ್ಪ ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ನಿಂತು ಹೇಳಿಬಿಟ್ಟಿದ್ದ.

ಮಂಜಿನಲ್ಲಿ ನಾಲ್ಕು ಹೆಜ್ಜೆ ಇಟ್ಟು ಹಿಂದೆ ತಿರುಗಿದವನು ಅಲ್ಲೇ ನಿಂತುಬಿಟ್ಟ. ಕೋಟಿನ ಕಾಲರಿನಲ್ಲಿ ಮುಖ ಹುದುಗಿಸಿಕೊಂಡು ಅದೇ ರೈಲಿನಿಂದ ಗ್ವಿಲಿಮ್ ಬೆಬ್ ಇಳಿಯುತ್ತಿದ್ದ. ಪಾಂಟ್‌ಗ್ವಿನ್‌ನ ಹದಿನೈದರ ತಂಡದ ಕಾರ್ಯದರ್ಶಿ, ಶಾಲೆಯ ಮೇಷ್ಟ್ರು, ಎತ್ತಿನಂಥ ಆಳು. ಬಹಿಷ್ಕಾರದ ಕಾಗದಗಳನ್ನು ದುಂಡನೆಯ ಅಕ್ಷರದಲ್ಲಿ ಬರೆಯುವವನು ಅವನೇ.

ಅಷ್ಟರಲ್ಲಿ ಆಲ್ಡರ್‌ಶಾ ತಂಡದ ವಿಲ್ಫ್ ಸಗ್ಡನ್ ಎದುರಾಗಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಪಿಸುಗುಟ್ಟಿದ. “ತಮ್ಮಾ, ಆ ಗುಟ್ಟಿನ ಆಳು ನೀನೇನಾ?”

“ನಾನು ಬ್ರಷ್ ಮಾರೋನು ಸ್ವಾಮಿ,” ಎಂದ ಎಮ್ರಿಸ್, ಬೆಬ್‌ಗೂ ಕೇಳಲೆಂದು ದನಿ ಬದಲಿಸಿ.

ವಿಲ್ಫ್ ಹಿಂದಿದ್ದವನ ಹತ್ತಿರ ಹೋದ. ಬೆಬ್ ಪತ್ತೇದಾರಿಕೆಗೆ ಬಂದವನು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು. “ನನ್ನ ಹೆಸರು ಹೇಳೋ ಹಾಗಿಲ್ಲ,” ಎಂದ. ವಿಲ್ಫ್‌ನ ಮುಖ ಅರಳಿತು. ಬೆಬ್‌ನ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು, ಮದುಮಗನನ್ನು ಕರೆದೊಯ್ಯುವಂತೆ ಕರೆದುಕೊಂಡು ಹೋದ.

ಪೀಡೆ ತೊಲಗಿತು ಎಂದು ಎಮ್ರಿಸ್ ಉಸಿರು ಬಿಟ್ಟ. ಆದರೆ ಆ ಊರಿನಲ್ಲಿ ಹೇಳಿದ ಮಾತನ್ನು ಜನ ನಂಬುತ್ತಾರೆ. ನಿಲ್ದಾಣದ ಚಹದಂಗಡಿಯ ಕ್ಲೆಗ್ ಮುದುಕಿ ಅವನ ತೋಳು ಹಿಡಿದು, ಮೋರಿ ತಿಕ್ಕುವ ಬ್ರಷ್ ತೋರಿಸೆಂದಳು. ತಂದಿಲ್ಲ ಎಂದ. ಬ್ರಷ್ ತರದ ಬ್ರಷ್‌ನವನನ್ನು ನೋಡಲು ಮತ್ತೆ ಮೂವರು ಹೆಂಗಸರು ಸೇರಿದರು. ಮುದುಕಿ ಚೀಲಕ್ಕೆ ಕೈಹಾಕಿ, ಸತ್ತ ಇಲಿಯನ್ನು ಎತ್ತುವಂತೆ ಬೂಟು ಎತ್ತಿದಳು. ಕದ್ದ ಮಾಲೇ ಸರಿ ಎಂದು ಪಂಚಾಯಿತಿ ತೀರ್ಮಾನಿಸಿತು. ಎಮ್ರಿಸ್ ಬೂಟು ಕಿತ್ತುಕೊಂಡು ಓಡಿದ. ಸುದ್ದಿಯೂ ಓಡಿತು, ಅದಕ್ಕೆ ದಾರಿ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಆಟಗಾರರ ಗೇಟಿನಲ್ಲಿ ಹೊರೇಸ್ ಎಂಬ ಕಾವಲುಗಾರ ಕಾಲು ಅಗಲಿಸಿ ನಿಂತಿದ್ದ. ಆ ‘ಒಬ್ಬಾತ’ ನಾನೇ ಎಂದು ಎಮ್ರಿಸ್ ಕಾಗದ ತೋರಿಸಿದ. ಮಳೆಯಲ್ಲಿ ತೊಯ್ದ ಕಾಗದ ನೀಲಿ ಗಂಜಿಯಾಗಿತ್ತು.

“ಒಬ್ಬಾತ ಆಗ್ಲೇ ಒಳಗವ್ನೆ,” ಎಂದ ಹೊರೇಸ್. “ಒಂದೂವರೆಗೆ ಬ್ರಷ್‌ನೋನು, ಎರಡಕ್ಕೆ ಬೂಟುಗಳ್ಳ, ಈಗ ಆಟಗಾರ. ಮೂರು ಹೊಡೆಯೋದ್ರೊಳಗೆ ಪಾದ್ರಿ ಆಗ್ತೀಯೇನಪ್ಪ? ಹೋಗು, ಟಿಕೆಟ್ ತಗೊಂಡು ಆ ಕಡೆಯಿಂದ ಬಾ.”

ಟಿಕೆಟ್ ಕೊಂಡು ಜನರ ನಡುವೆ ನಿಂತ. ತಂಡ ಮೈದಾನಕ್ಕಿಳಿಯಿತು. ಕೊನೆಯಲ್ಲಿ, ಹೊಲಿಗೆ ಬಿಡುವಷ್ಟು ಬಿಗಿಯಾದ ಅಂಗಿ ತೊಟ್ಟು, ಗ್ವಿಲಿಮ್ ಬೆಬ್.

ಪಾಪ, ಬಲವಂತ ಮಾಡಿರಬೇಕು, ಈಗ ಬಾಯಿ ಬಿಡುತ್ತಾನೆ ಎಂದು ಎಮ್ರಿಸ್ ಕಾದ. ಬೆಬ್ ಬಾಯಿ ಬಿಡಲಿಲ್ಲ. ಚೆಂಡು ಸಿಕ್ಕೊಡನೆ ತಲೆ ತಗ್ಗಿಸಿ ನುಗ್ಗಿದ. ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಗಳಂತೆ ಮೂವರು ಅವನಿಗೆ ಜೋತುಬಿದ್ದರು. ಮೂವರನ್ನೂ ಹೊತ್ತುಕೊಂಡೇ ಗೆರೆ ದಾಟಿದ. ಪಕ್ಕದಲ್ಲಿದ್ದ ಮುದುಕ ಸಂತೋಷ ತಡೆಯಲಾರದೆ ಎಮ್ರಿಸ್‌ನ ಬೆನ್ನಿಗೇ ಗುದ್ದಿದ. ಆ ಗುದ್ದಿಗೆ ಬಹಳ ನೋವಾಯಿತು.

ಆಟ ಮುಗಿದ ಮೇಲೆ ಎಮ್ರಿಸ್ ವಿಲ್ಫ್‌ನನ್ನು ಹಿಡಿದು ನಿಜವನ್ನೆಲ್ಲ ಹೇಳಿದ. ವಿಲ್ಫ್ ಟೋಪಿ ತೆಗೆದು, ತಲೆ ಕೆರೆದು, ಇದ್ದದ್ದು ಒಂದೇ ಜಾಗ, ಅದಕ್ಕೆ ಈಗಷ್ಟೇ ಸಹಿಯಾಯಿತು ಎಂದ. ಬೆಬ್ ಮುಂದೆ ಹನ್ನೊಂದು ವರ್ಷ ಅಲ್ಲೇ ಆಡಿದ. ಮೂಗು ನಾಲ್ಕು ಸಲ ಮುರಿಸಿಕೊಂಡ, ಎರಡು ಸಲ ನಾಯಕನಾದ.

ಆದರೆ ಅಂದು ಸಂಜೆ ಅವನು ಒದ್ದೆ ಕೂದಲಲ್ಲಿ ಹೊರಬಂದು, ಎಮ್ರಿಸ್‌ನ ಪಕ್ಕ ಬೆಂಚಿನ ಮೇಲೆ ಕೂತ.

“ನಾನು ಯಾರು ಅಂತ ಹೇಳೋಣ ಅಂತಲೇ ಬಾಯಿ ತೆರೆದೆ ಕಣಪ್ಪ,” ಎಂದ. “ಅವರು ಕೈಗೆ ಬಿಸಿ ಚಹ ಕೊಟ್ಟು, ಬಾ, ಆಡು ಅಂದ್ರು. ಒಂಬತ್ತು ವರ್ಷದಿಂದ ಎಲ್ಲರೂ ನನಗೆ ಬರೆ, ಬರೆ ಅಂತಲೇ ಅಂದದ್ದು.”

ಎಮ್ರಿಸ್‌ಗೆ ಸಿಟ್ಟು ಬರಲಿಲ್ಲ, ಬೇಕೆಂದರೂ ಬರಲಿಲ್ಲ. “ಹೋಗ್ಲಿ ಮೇಷ್ಟ್ರೇ. ಹಾಗಾದ್ರೆ ನನ್ನ ವಿಷಯ ಬರೆಯೋದಿಲ್ಲ ತಾನೇ? ಹದಿನೈದರ ಆಟವಾದ್ರೂ ಉಳಿದ್ರೆ, ಬೇರೆ ಯಾರಾದ್ರೂ ನೋಡಿ ಕರೀಬಹುದು.”

ಬೆಬ್ ನಿಟ್ಟುಸಿರಿಟ್ಟು ದಫ್ತರ ತೆರೆದ. ದುಂಡನೆಯ ಅಕ್ಷರದಲ್ಲಿ ಎರಡು ಹೆಸರು, ಎಮ್ರಿಸ್‌ನದೂ ತನ್ನದೂ, ಆಗಲೇ ಬರೆದಾಗಿತ್ತು.

“ನೀನು ಗೇಟಲ್ಲಿ ನಿಂತದ್ದನ್ನ ಕಿಟಕಿಯಿಂದ ನೋಡಿದಾಗ ಗಂಟೆ ಎರಡೂ ಹದಿನೈದು. ನಾನು ಅಂಗಿ ತೊಟ್ಟದ್ದು ಎರಡೂ ಇಪ್ಪತ್ತಕ್ಕೆ. ಆ ಐದು ನಿಮಿಷ ನಾನಿನ್ನೂ ಕಾರ್ಯದರ್ಶಿ, ಎಮ್ರಿಸ್. ದೇವರು ನೋಡ್ತಿರುವಾಗ ಹ್ಯಾಗೆ ಬಿಡಲಿ?”

ಎಮ್ರಿಸ್ ಬೂಟಿನ ಚೀಲದ ಬಾಯಿ ಕಟ್ಟಿದ. ಸೋಮವಾರ ಮುಂಜಾನೆ ಐದಕ್ಕೆ ಗಣಿಯೊಳಗೆ ಇಳಿಯಬೇಕಿತ್ತು.

ಬೆಬ್ ಕೋಟಿನ ಒಳಜೇಬಿನಿಂದ ಮೂರು ಶಿಲಿಂಗ್ ತೆಗೆದ. ಹೊರಹಾಕಿದ ಸದಸ್ಯನಿಗೆ ವರ್ಷದ ಉಳಿದ ತಿಂಗಳುಗಳ ಚಂದಾ ಮರಳಿಸಬೇಕೆಂಬ ನಿಯಮವಿತ್ತು. ಅದನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ.