ಹಳೇ ಪದ್ಧತಿಯ ಸಾವು

ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ, ಐರೋಲಿಯ ತನ್ನ ಫ್ಲಾಟಿನಲ್ಲಿ, ಹೃಷಿಕೇಶ್ ಸಾವನ್ನು ಜಾರಿಗೆ ತಂದ.

"ಇವತ್ತಿಂದ ಹಳೇ ಪದ್ಧತಿ. ಸತ್ತರೆ ಸತ್ತ ಹಾಗೇ. ಎದ್ದು ಬರೋ ಹಾಗಿಲ್ಲ."

ಮೇಜಿನ ಸುತ್ತ ಕೂತಿದ್ದ ಮೂವರೂ ಮುಖ ಮುಖ ನೋಡಿಕೊಂಡರು. ಖಾರಘರದಿಂದ ಬಂದಿದ್ದ ತರುಣ್ ಮೊಬೈಲ್ ಕೆಳಗಿಟ್ಟ. ಈ ಮೇಜಿನ ಮುಂದೆ ಅವನು ಹಾಗೆ ಮಾಡಿ ಬಹಳ ಕಾಲವಾಗಿತ್ತು. ಹೃಷಿಕೇಶನ ಎದೆ ಉಬ್ಬಿತು.

ಆಟಕ್ಕೆ ಬೇಕಾದದ್ದು ಕಾಗದ, ಪೆನ್ಸಿಲ್, ದಾಳ ಮತ್ತು ಬಾಯಿ. ಆಡುವವರು ಒಬ್ಬೊಬ್ಬರೂ ಒಬ್ಬೊಬ್ಬ ವೀರರಾಗುತ್ತಾರೆ. ಗುಹೆ, ರಾಕ್ಷಸ, ನಿಧಿ ಎಲ್ಲವನ್ನೂ ಹೃಷಿಕೇಶ್ ಮಾತಿನಲ್ಲೇ ಕಟ್ಟುತ್ತಾನೆ. ಅಪಾಯದಿಂದ ಪಾರಾಗುವುದು ದಾಳ ತೋರಿಸುವ ಸಂಖ್ಯೆಯ ಮೇಲೆ. ಈಚಿನ ನಿಯಮಗಳಲ್ಲಿ ವೀರನೊಬ್ಬ ಸಾಯುವುದು ಸರಕಾರಿ ನೌಕರ ಕೆಲಸ ಕಳೆದುಕೊಂಡಷ್ಟು ಅಪರೂಪ. ಬಿದ್ದರೆ ಅವಕಾಶದ ಮೇಲೆ ಅವಕಾಶ. ಅದೂ ತಪ್ಪಿದರೆ ಗೆಳೆಯನ ಮಂತ್ರ. ಭಯವಿಲ್ಲದ್ದರಿಂದಲೇ ಇವರು ಆಕಳಿಸುತ್ತಾರೆ ಎಂದು ಹೃಷಿಕೇಶ್ ತೀರ್ಮಾನಿಸಿದ್ದ. ಎಪ್ಪತ್ತರ ದಶಕದಲ್ಲಿ ಹೇಗೆ ಆಡುತ್ತಿದ್ದರೆಂದು ಇಂಟರ್‌ನೆಟ್ಟಿನಲ್ಲಿ ಓದಿ, ವಾರವಿಡೀ ಕೂತು ನಿಯಮ ತಿದ್ದಿದ್ದ. ದಾಳವನ್ನು ಮರೆಯಲ್ಲಿ ಉರುಳಿಸುವಂತಿಲ್ಲ. ಎಲ್ಲರ ಕಣ್ಣೆದುರು, ಸ್ಟೀಲ್ ತಟ್ಟೆಯಲ್ಲೇ ಆಗಬೇಕು.

ಹೆಂಡತಿ ನಳಿನಿ ಹೋದ ವರ್ಷ ಮೈಸೂರಿಗೆ ಹೊರಟುಹೋದಳು. ಆಮೇಲೆ ಆ ಮನೆಗೆ ತಾವಾಗಿ ಬರುತ್ತಿದ್ದವರು ಈ ಮೂವರೇ. ಇವರೂ ನಿಂತರೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಹೃಷಿಕೇಶನ ಬಾಯಿಗೆ ಕೆಲಸವೇ ಇರುತ್ತಿರಲಿಲ್ಲ.

ಮೊದಲ ದಾಳ ತಟ್ಟೆಗೆ ಬಿದ್ದ ಸದ್ದಿಗೆ ಕೆಳಗಿನ ಮನೆಯ ಯಜ್ಞೇಶ್ವರ ರಾಯರು ಹತ್ತಿ ಬಂದರು. ಅವರು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ.

"ಎಂತ ಮಾರಾಯ್ರೆ, ಪಾತ್ರೆ ಅಂಗಡಿ ಇಟ್ಟಿದ್ದೀರಾ?"

"ಆಟ, ರಾಯರೆ. ಬನ್ನಿ, ನೀವೂ ಕೂತ್ಕೊಳ್ಳಿ!"

ದೂರು ಕೊಡಲು ಬಂದವರು ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತರು.

ಗುಹೆಯ ಮೊದಲ ಕೋಣೆ. ನಡುವೆ ಹಸಿರು ನೀರಿನ ತೊಟ್ಟಿ, ಸುತ್ತ ಎಲುಬುಗಳ ರಾಶಿ.

"ಕುಡೀತೀನಿ," ಎಂದ ತರುಣ್.

"ಎಲುಬು ಬಿದ್ದಿದೆ ಅಂದೆ, ಕೇಳಿಸ್ತಾ?"

"ಕೇಳಿಸ್ತು. ಬೊಗಸೆ ತುಂಬ ಕುಡೀತೀನಿ."

"ಮೊದಲು ಮೂಸಿ ನೋಡ್ತೀಯಾ?"

"ಏನೂ ಬೇಡ ಗುರೂ."

ತರುಣನ ವೀರ ಸತ್ತ. ತರುಣನ ಮುಖದ ಮೇಲೆ ಊರಿಗೆ ವರ್ಗವಾದ ಗುಮಾಸ್ತನ ಕಳೆ ಬಂತು.

ರಾಯರು ಮಾತ್ರ ಮುಂದಿಡುವ ಹೆಜ್ಜೆಯನ್ನೆಲ್ಲ ಕೋಲಿನಿಂದ ಕುಟ್ಟಿ ನೋಡುತ್ತಿದ್ದರು. "ಸೀಲಿಂಗ್ ಲೀಕ್ ಉಂಟಾ?"

"ಹೌದು, ಏನೋ ತೊಟ್ಟಿಕ್ತಾ ಇದೆ."

"ಹಾಗಾದರೆ ನಾನು ಅದರ ಕೆಳಗೆ ಹೋಗುವುದಿಲ್ಲ. ಲೀಕೇಜು ಎಂತೆಂತ ಅನಾಹುತ ಮಾಡ್ತದೆ ಅಂತ ನನಗೆ ಗೊತ್ತುಂಟು."

ತೊಟ್ಟಿಕ್ಕುತ್ತಿದ್ದದ್ದು ಆಸಿಡ್. ರಾಯರು ಬದುಕಿದರು.

ಮುಂದಿನ ಕೋಣೆಯಲ್ಲಿ ಸಿಂಹಾಸನವಿತ್ತು. ಕೂತವರು ಸಾಯುತ್ತಾರೆಂದು ಅದರ ಮೇಲೇ ಕೆತ್ತಿತ್ತು.

"ಕೂತೆ," ಎಂದಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹರ್ಷಿತಾ.

"ನಿನ್ನ ವೀರೆಗೆ ಓದೋಕೆ ಬರಲ್ಲ ಅಂತ ಇಟ್ಕೊಳ್ಳೋಣ. ಇನ್ನೊಂದ್ಸಲ ಯೋಚನೆ ಮಾಡು."

"ಬರುತ್ತೆ ಯಾರ್. ಓದೇ ಕೂತಿದ್ದು."

ಬದುಕಲು ಇಪ್ಪತ್ತು ಮುಖದ ಆ ದಾಳ ಹದಿನೈದಾದರೂ ತೋರಿಸಬೇಕಿತ್ತು. ಐದು ಸಾಕು ಎಂದ ಹೃಷಿಕೇಶ್. ಮೂರು ಬಿತ್ತು.

"ಚಲಾ, ಸುಟಲೋ!" ಎಂದು ಮರಾಠಿಯಲ್ಲಿ ಕೂಗಿ ಹರ್ಷಿತಾ ಬಿಡುಗಡೆಯಾದವಳಂತೆ ಚಪ್ಪಾಳೆ ತಟ್ಟಿದಳು.

ಉಳಿದವಳು ನೌಪಾಡಾದ ಯಾಮಿನಿ, ಹೃಷಿಕೇಶನ ಹಳೆಯ ಗೆಳತಿ. ಕೊನೆಯ ಕೋಣೆಯಲ್ಲಿ ಚಿನ್ನದ ರಾಶಿಯ ಮೇಲೆ ಡ್ರ್ಯಾಗನ್ ಮಲಗಿತ್ತು.

"ಗಾಢ ನಿದ್ದೆ," ಎಂದ ಹೃಷಿಕೇಶ್ ಗಡಿಬಿಡಿಯಲ್ಲಿ. "ಏನು ಮಾಡಿದ್ರೂ ಏಳಲ್ಲ."

"ಕಿವಿ ಹಿಂಡ್ತೀನಿ."

"ಅದಕ್ಕೆ ಕಿವಿ ಇಲ್ಲ."

"ಹಾಗಾದ್ರೆ ಬಾಲ ತುಳೀತೀನಿ."

"ಯಾಮಿನಿ, ಏನಾಗಿದೆ ನಿಮಗೆಲ್ಲ?"

ಯಾಮಿನಿ ಪೆನ್ಸಿಲ್ ಕೆಳಗಿಟ್ಟಳು. "ಹೃಷಿ, ನಮಗೆ ಆಟ ಸಾಕಾಗಿ ಬಹಳ ದಿನ ಆಯ್ತು. ನಳಿನಿ ಹೋದ್ಮೇಲೆ ನಿನ್ನ ಮುಖ ನೋಡ್ಕೊಂಡು ಬರಲ್ಲ ಅನ್ನೋಕೆ ಆಗ್ಲಿಲ್ಲ. ಕತೇಲಿ ಸತ್ತರೆ ಯಾರಿಗೂ ಬೇಜಾರಿಲ್ದೆ ಬಿಡಬಹುದು ಅಂತಿದ್ವಿ. ಇವತ್ತಿನವರೆಗೂ ನಿನ್ನ ನಿಯಮ ಸಾಯೋಕೇ ಬಿಡ್ತಿರಲಿಲ್ಲ."

ತರುಣ್ ಕಿಟಕಿಯ ಕಡೆ ನೋಡಿದ. ಹರ್ಷಿತಾ ಬ್ಯಾಗಿನ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು.

ಹೃಷಿಕೇಶ್ ದಾಳವನ್ನು ಕೈಗೆತ್ತಿಕೊಂಡ. ಈ ಸಲ ನಿಯಮ ಸಡಿಲಿಸಲಿಲ್ಲ. ಡ್ರ್ಯಾಗನ್ ಎದ್ದಿತು.

ಅದು ಯಾಮಿನಿಯ ವೀರೆಯನ್ನು ನುಂಗುವಷ್ಟರಲ್ಲಿ ರಾಯರು ಚಿನ್ನವನ್ನು ಚೀಲಕ್ಕೆ ತುಂಬಿಕೊಂಡು ಗುಹೆಯಿಂದ ಹೊರಬಿದ್ದಿದ್ದರು.

ಭಾನುವಾರ ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಶುರುವಾಗುವ ಮೊದಲು ಟ್ರೇನ್ ಹಿಡಿಯಬೇಕೆಂದು ಮೂವರೂ ಎದ್ದರು. ತರುಣ್ ಹೃಷಿಕೇಶನನ್ನು ಗಟ್ಟಿಯಾಗಿ ತಬ್ಬಿಕೊಂಡ. ಅಷ್ಟು ಗಟ್ಟಿಯಾಗಿ ಯಾವತ್ತೂ ತಬ್ಬಿಕೊಂಡಿರಲಿಲ್ಲ.

ಮೇಜಿನ ಬಳಿ ಉಳಿದದ್ದು ರಾಯರೊಬ್ಬರೇ. ಅವರ ಕಣ್ಣು ಹೊಳೆಯುತ್ತಿತ್ತು.

"ರಾಯರೆ, ಹಳೇ ಪದ್ಧತಿಗೆ ಹೇಳಿ ಮಾಡಿಸಿದವರು ನೀವು," ಎಂದ ಹೃಷಿಕೇಶ್. ದನಿಯಲ್ಲಿ ಮತ್ತೆ ಜೀವ ಬಂದಿತ್ತು. "ಮುಂದಿನ ಭಾನುವಾರ ಇನ್ನೂ ಆಳಕ್ಕೆ ಇಳಿಯೋಣ."

"ಎಂತಕ್ಕೆ?" ರಾಯರು ನಿಜವಾಗಿಯೂ ಆಶ್ಚರ್ಯಪಟ್ಟರು. "ಚಿನ್ನ ಸಿಕ್ಕಿತಲ್ಲ. ಪುನಃ ಗುಹೆಗೆ ಇಳಿಯಲಿಕ್ಕೆ ನನ್ನವನಿಗೆ ಮಂಡೆ ಸರಿ ಇಲ್ಲವಾ?"

"ಇನ್ನೊಬ್ಬ ವೀರನನ್ನ ಮಾಡ್ಕೋಬಹುದು."

"ಬೇಡ ಮಾರಾಯ್ರೆ. ಇವನೊಬ್ಬ ಸುಖವಾಗಿದ್ದಾನೆ, ಅಷ್ಟು ಸಾಕು."

ರಾಯರು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು.

ಮುಂದಿನ ಭಾನುವಾರ ಹೃಷಿಕೇಶ್ ಆಫೀಸಿಗೆ ಹೋದ.